ಚೀಲ ಬಿಚ್ಚಿ ನೋಡದ ಕೋಟೆ

ನಾಶಿಕ್‌ನಲ್ಲಿ ನೌಕರಿ, ತಿಂಗಳಿಗೆರಡು ಸಲ ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶಕ್ಕೆ ಓಡಾಟ. ಕಳೆದ ಸಲ ಅರ್ಧ ದಿನ ಬಿಡುವು ಸಿಕ್ಕಿತೆಂದು ದೌಲತಾಬಾದ್ ಕೋಟೆ ಹತ್ತಿದೆ. ಇದೇ ಸೇವುಣರ ದೇವಗಿರಿ. ಇವರ ಕನ್ನಡ ಶಾಸನಗಳು ನಮ್ಮ ಉತ್ತರ ಕರ್ನಾಟಕದಲ್ಲಿ ಬೇಕಾದಷ್ಟಿವೆ. ಕಂದಕ, ಕಡಿದಾದ ಬಂಡೆ, ಟಾರ್ಚ್ ಇಲ್ಲದೆ ಕಾಲಿಡಲಾಗದ ಕತ್ತಲ ಸುರಂಗ. ಇಂಥ ಕೋಟೆ 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿಗೆ ಹೇಗೆ ಮಣಿಯಿತು? ಫೆರಿಷ್ತಾ ಬರೆದಿರುವ ಕಥೆ ಹೀಗಿದೆ: ಮುತ್ತಿಗೆಯ ಆತುರದಲ್ಲಿ, ವ್ಯಾಪಾರಿಗಳು ಬಿಟ್ಟುಹೋಗಿದ್ದ ಚೀಲಗಳನ್ನು ಧಾನ್ಯವೆಂದು ಒಳಗೆ ಸಾಗಿಸಿದರು. ಆಮೇಲೆ ಬಿಚ್ಚಿದರೆ ಬರೀ ಉಪ್ಪು.

ಕಥೆ ಎಷ್ಟು ನಿಜವೋ, ಸಾಫ್ಟ್‌ವೇರ್‌ನವನಾದ ನನಗೆ ಮಾತ್ರ ಮೈ ಝುಂ ಎಂದಿತು. ನಾವೂ ಹೊರಗಿನ ಚೀಲಗಳನ್ನು ಬಿಚ್ಚದೆಯೇ ಒಳಗೆ ತರುವವರು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಉಚಿತ ಲೈಬ್ರರಿಯಲ್ಲಿ ದೋಷ ಬಯಲಾಯಿತಲ್ಲ, ತೀವ್ರತೆ ಹತ್ತಕ್ಕೆ ಹತ್ತು. ಆ ವಾರ ಜಗತ್ತಿನ ಎಷ್ಟೋ ಕಂಪನಿಗಳಿಗೆ ಅದು ತಮ್ಮಲ್ಲಿ ಎಲ್ಲೆಲ್ಲಿದೆ ಎಂಬ ಪಟ್ಟಿಯೇ ಇರಲಿಲ್ಲ. ದುರಸ್ತಿಗಿಂತ ಹುಡುಕಾಟಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ನಮ್ಮದೇ ಕಥೆ ಹೇಳುತ್ತೇನೆ. ವಾಳೂಜ್‌ನ ಒಂದು ಕಾರ್ಖಾನೆಗೆ ಬಿಡಿಭಾಗ ಒದಗಿಸುವವರಿಗಾಗಿ ಬಿಲ್ಲಿನ ಪೋರ್ಟಲ್ ಮಾಡಿದೆವು. ಲಾಗಿನ್, ಪಾಸ್‌ವರ್ಡ್, ಓಟಿಪಿ ಎಲ್ಲ ಅಚ್ಚುಕಟ್ಟು. ಉದ್ಘಾಟನೆಗೆ ಎರಡು ದಿನ ಇರುವಾಗ ನಮ್ಮ ಟೆಸ್ಟರ್, ಜಾಲ್ನಾ ಕಡೆಯ ಹುಡುಗಿ, ವಿಳಾಸದ ಕೊನೆಯ ಅಂಕಿಯನ್ನು ಸುಮ್ಮನೆ ಒಂದು ಹೆಚ್ಚಿಸಿದಳು. ಬೇರೊಬ್ಬರ ಬಿಲ್ಲು ತೆರೆದುಕೊಂಡಿತು: ದರ, ಬ್ಯಾಂಕ್ ಖಾತೆ ಸಂಖ್ಯೆ ಸಮೇತ. ಒಳಗೆ ಬಂದವರು ಯಾರೆಂದು ಕೇಳಿದ್ದೆವು. ಈ ಬಿಲ್ಲು ಅವರದ್ದೇ ಏನು ಎಂದು ಕೇಳಿರಲಿಲ್ಲ. ಒಂದು ಸಾಲಿನ ತಪ್ಪಲ್ಲ ಅದು, ವಿನ್ಯಾಸದಲ್ಲೇ ಆ ಪ್ರಶ್ನೆ ಇರಲಿಲ್ಲ. ನಲವತ್ತಕ್ಕೂ ಹೆಚ್ಚು ಪುಟಗಳನ್ನು ತಿದ್ದಬೇಕಾಯಿತು. ಉದ್ಘಾಟನೆ ಐದು ವಾರ ಮುಂದೆ ಹೋಯಿತು. ಆ ವಿನ್ಯಾಸಕ್ಕೆ ಸಹಿ ಹಾಕಿದವನು ನಾನೇ.

ಆದ್ದರಿಂದಲೇ ಕೊನೆಯ ವಾರದ 'ಸೆಕ್ಯುರಿಟಿ ಆಡಿಟ್ ಸರ್ಟಿಫಿಕೇಟ್' ಬಗ್ಗೆ ನನಗೆ ಸಿಟ್ಟು. ಗ್ರಾಹಕರು ಟೆಂಡರ್‌ನಲ್ಲಿ ಕೇಳುವುದು ಅದೊಂದನ್ನೇ, ನಾವು ಕೊಡುವುದೂ ಅದೊಂದನ್ನೇ. ಮದುವೆ ಊಟ ಬಡಿಸುವಾಗ ಉಪ್ಪು ನೋಡಿದ ಹಾಗೆ. ಈ ವ್ಯವಸ್ಥೆ ಏನು ಮಾಡಬೇಕು ಎಂದು ಬರೆಯುವ ದಿನವೇ ಏನು ಮಾಡಕೂಡದು ಎಂದೂ ಬರೆಯಬೇಕು. ಒಬ್ಬರ ಬಿಲ್ಲು ಇನ್ನೊಬ್ಬರಿಗೆ ಕಾಣಕೂಡದು ಎಂದು ಒಂದು ವಾಕ್ಯ ಇದ್ದಿದ್ದರೆ ಅದಕ್ಕೊಂದು ಪರೀಕ್ಷೆ ಬರೆಯುತ್ತಿದ್ದೆವು, ಕೋಡ್ ಸೇರಿಸಿದಾಗಲೆಲ್ಲ ಅದು ತಾನಾಗಿ ಓಡುತ್ತಿತ್ತು. ಬಿಡುಗಡೆಯಾದ ಮೇಲೂ ಕೆಲಸ ಮುಗಿಯದು. ಹೊರಗಿನ ಲೈಬ್ರರಿಗಳಲ್ಲಿ ಹೊಸ ದೋಷ ಬಯಲಾಗುತ್ತಲೇ ಇರುತ್ತದೆ.

"ಸಣ್ಣ ಕಂಪನಿ ಸರ್, ಇಷ್ಟೆಲ್ಲ ಖರ್ಚು ಎಲ್ಲಿಂದ?" ಎಂದು ನಾಶಿಕ್‌ನ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತಕ್ಕ ಭದ್ರತೆ ಇಡದವರಿಗೆ ದಂಡ ₹250 ಕೋಟಿವರೆಗೂ ಇದೆ. ದಂಡದ ಮಾತು ಬಿಡಿ, ನಷ್ಟ ಯಾರದ್ದು? 2019ರಲ್ಲಿ ನಮ್ಮ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಕನ್ನ ಹಾಕಿ ಸುಮಾರು ₹11.5 ಕೋಟಿ ಲಪಟಾಯಿಸಿದ್ದು ಟೆಂಡರ್ ಹಾಕಿದವರ ಠೇವಣಿ ಹಣವನ್ನು. ವಾಳೂಜ್‌ನಲ್ಲಿ ನಾಲ್ಕು ಲೇತ್ ಇಟ್ಟುಕೊಂಡವರ ದರ ಎದುರಾಳಿಗೆ ಗೊತ್ತಾದರೆ ಮುಂದಿನ ಆರ್ಡರೇ ಹೋಯಿತು. ತಮ್ಮ ಕೆಲಸ ಯಾಕೆ ಕೈತಪ್ಪಿತೆಂದು ಅವರಿಗೆ ತಿಳಿಯುವುದೂ ಇಲ್ಲ.

ಈಗ ಆ ಹುಡುಗಿ ನಮ್ಮ ಮೊದಲ ಸಭೆಗೇ ಬಂದು ಕೂರುತ್ತಾಳೆ. ಹೋದ ಸೋಮವಾರ ಹೊಸ ಕೆಲಸದ ನಕ್ಷೆ ಬೋರ್ಡಿನ ಮೇಲೆ ಬರೆದು ಮುಗಿಸುವ ಮೊದಲೇ ಕೈ ಎತ್ತಿದಳು: "ಸರ್, ಈ ಬಾಣದ ಗುರುತು ಹಿಂದಕ್ಕೂ ಹೋಗಬಹುದಾ?" ಗೊತ್ತಿರಲಿಲ್ಲ. ಅಳಿಸಿ ಮತ್ತೆ ಬರೆಯುತ್ತಿದ್ದೇವೆ.