ತರಗತಿಯ ಮೌನ ಮತ್ತು ಯಂತ್ರದ ನೆರವು

ಪಾಠ ಮುಗಿಸಿದ ಅಧ್ಯಾಪಕರು "ಎಲ್ಲರಿಗೂ ಅರ್ಥವಾಯಿತೇ?" ಎಂದು ಕೇಳುವುದು ವಾಡಿಕೆ. "ಆಯಿತು ಸಾರ್" ಎಂದು ತರಗತಿ ಒಕ್ಕೊರಲಿನಿಂದ ಉತ್ತರಿಸುವುದೂ ವಾಡಿಕೆಯೇ. ಆ ದನಿಯಲ್ಲಿ ಅರ್ಥವಾಗದವರ ಮೌನ ಮುಳುಗಿಹೋಗುತ್ತದೆ. ಪರೀಕ್ಷೆಯ ಫಲಿತಾಂಶ ಅದನ್ನು ಬಯಲು ಮಾಡುವ ವೇಳೆಗೆ ಕಾಲ ಮಿಂಚಿರುತ್ತದೆ. ಈ ಮೌನವನ್ನು ಆ ಕ್ಷಣದಲ್ಲಿಯೇ ಗುರುತಿಸಲು ಅಧ್ಯಾಪಕರಿಗೆ ನೆರವಾಗುವ ಸಾಧನವೇ ತರಗತಿಗೆ ಯೋಗ್ಯವಾದ ಸಾಧನವೆಂದು ನನ್ನ ಅಭಿಪ್ರಾಯ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ ಅವರಿಗೂ ಈ ಸಮಸ್ಯೆ ಎದುರಾಗಿತ್ತು. ಅವರ ವಿದ್ಯಾರ್ಥಿಗಳು ಸೂತ್ರಗಳ ಬಲದಿಂದ ಕಠಿಣ ಲೆಕ್ಕಗಳನ್ನು ಬಿಡಿಸುತ್ತಿದ್ದರು. ಆದರೆ ನ್ಯೂಟನ್ನನ ನಿಯಮಗಳನ್ನು ಕುರಿತ ಸರಳ ಪ್ರಶ್ನೆಗಳಿಗೆ ಹಲವರು ತಪ್ಪು ಉತ್ತರ ಕೊಡುತ್ತಿದ್ದರು. 1991ರಲ್ಲಿ ಮಜೂರ್ ಬೋಧನೆಯ ಕ್ರಮವನ್ನೇ ಬದಲಿಸಿದರು. ಒಂದು ಪ್ರಶ್ನೆ, ಅದಕ್ಕೆ ಕೆಲವು ಉತ್ತರಗಳು. ಪ್ರತಿಯೊಬ್ಬರೂ ಮೊದಲು ತಾವೇ ಯೋಚಿಸಿ ಒಂದನ್ನು ಆರಿಸಬೇಕು. ಅಭಿಪ್ರಾಯಗಳು ಭಿನ್ನವಾದರೆ ಪಕ್ಕದವರೊಡನೆ ಚರ್ಚಿಸಿ ಮತ್ತೆ ಉತ್ತರಿಸಬೇಕು. ಅನಂತರವೇ ಗುರುವಿನ ವಿವರಣೆ. ಉತ್ತರಗಳನ್ನು ಎಣಿಸಲು ಕಾರ್ಡುಗಳೂ ಗುಂಡಿ ಒತ್ತುವ ಪುಟ್ಟ ಯಂತ್ರಗಳೂ ಬಳಕೆಗೆ ಬಂದವು. ಹತ್ತು ವರ್ಷಗಳ ಅನುಭವವನ್ನು 2001ರಲ್ಲಿ ಪ್ರಕಟಿಸಿದಾಗ, ವಿದ್ಯಾರ್ಥಿಗಳ ಗ್ರಹಿಕೆಯೂ ಲೆಕ್ಕ ಬಿಡಿಸುವ ಸಾಮರ್ಥ್ಯವೂ ಹೆಚ್ಚಿದ್ದುದು ಕಂಡುಬಂತು.

ಇದಕ್ಕೆ ಕಾರಣ ಗಹನವಾದುದಲ್ಲ. ಈಗತಾನೇ ಕಲಿತ ಗೆಳೆಯನಿಗೆ ತಾನು ಎಡವಿದ ಜಾಗ ನೆನಪಿರುತ್ತದೆ. ಆದುದರಿಂದ ಅವನ ವಿವರಣೆ ಬೇಗ ಮನಮುಟ್ಟುತ್ತದೆ. ಗುರುವಿಗೋ, ಯಾವ ಅಂಶವನ್ನು ಮತ್ತೆ ಹೇಳಬೇಕೆಂಬುದು ಎಣಿಕೆಯಿಂದ ತಿಳಿಯುತ್ತದೆ.

ಹಾಗಾದರೆ ಯಂತ್ರಗಳನ್ನು ಕೊಂಡು ಹಂಚಿದರೆ ಸಾಕೇ? ಸಾಲದು. ಪೆರು ದೇಶವು ಮಕ್ಕಳಿಗೆ ಲಕ್ಷಾಂತರ ಲ್ಯಾಪ್‌ಟಾಪ್‌ಗಳನ್ನು ಒದಗಿಸಿತು. ಅಲ್ಲಿನ 319 ಪ್ರಾಥಮಿಕ ಶಾಲೆಗಳನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಹೆಚ್ಚಿದುದಕ್ಕೆ ಆಧಾರ ದೊರೆಯಲಿಲ್ಲ. ಯಂತ್ರ ಮಗುವಿನ ಕೈಸೇರಿತು; ಗುರುವಿನ ಬೋಧನೆಯೊಡನೆ ಬೆಸೆದುಕೊಳ್ಳಲಿಲ್ಲ.

ಬಡ ಶಾಲೆಗಳಿಗೆ ಇಂಥ ಸಾಧನ ಎಟುಕುವುದೇ ಎಂಬ ಸಂಶಯ ಸಹಜ. ಪ್ಲಿಕರ್ಸ್ ಎಂಬ ಸಾಧನದಲ್ಲಿ ವಿದ್ಯಾರ್ಥಿಗಳ ಕೈಯಲ್ಲಿರುವುದು ಬರಿಯ ಕಾಗದದ ಕಾರ್ಡು. ಅದನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಸೂಚಿಸಬಹುದು. ಅಧ್ಯಾಪಕರ ಒಂದೇ ಮೊಬೈಲು ಎಲ್ಲವನ್ನೂ ಓದುತ್ತದೆ. ಯಾರ ಉತ್ತರ ಯಾವುದೆಂಬುದು ಪಕ್ಕದವರಿಗೆ ಸುಲಭವಾಗಿ ತಿಳಿಯದು. ಸಂಕೋಚದ ಮಗುವೂ ನಿರ್ಭಯವಾಗಿ ಉತ್ತರಿಸಬಲ್ಲದು.

ಚರ್ಚೆಗೆ ಸಮಯ ಕೊಟ್ಟರೆ ಪಾಠಗಳು ಉಳಿದುಹೋಗುತ್ತವೆ ಎಂದು ಆಕ್ಷೇಪಿಸುವವರುಂಟು. ಈ ಮಾತು ಸುಳ್ಳಲ್ಲ. ಆದರೆ ಪುಸ್ತಕದ ಪುಟಗಳು ಮುಗಿದು ವಿಷಯ ತಲೆಗೆ ಹತ್ತದಿದ್ದರೆ ಉಳಿತಾಯವಾದ ಸಮಯದಿಂದ ಏನು ಪ್ರಯೋಜನ?

ವಿದ್ಯಾರ್ಥಿಗಳೂ ಒಂದು ಮಾತನ್ನು ನೆನಪಿಡಬೇಕು. ನೀವು ಪಕ್ಕದವರ ಉತ್ತರವನ್ನು ನಕಲು ಮಾಡಿದರೆ ಎಂತಹ ಯಂತ್ರವೂ ಗುರುವಿಗೆ ಸತ್ಯವನ್ನು ತಿಳಿಸಲಾರದು. ಅರಿಯದುದನ್ನು ಅರಿಯೆನೆಂದು ಹೇಳುವ ಧೈರ್ಯ ನಿಮ್ಮಲ್ಲಿದ್ದರೆ ಮಾತ್ರ ಗುರುವಿನ ಶ್ರಮ ಸಾರ್ಥಕವಾದೀತು.