ಟಿಲ್ಲರ್ ಬಿಚ್ಚುವ ಮಗನನ್ನು ಗದರಿಸಬೇಡಿ

ಸ್ಪ್ರೇಯರ್ ಕೈಕೊಟ್ಟಾಗ, ಟಿಲ್ಲರ್ ಅರ್ಧ ಗದ್ದೆಯಲ್ಲಿ ನಿಂತಾಗ ನಿಮ್ಮ ಮನೆಯಲ್ಲಿ ಮೊದಲು ಸ್ಪ್ಯಾನರ್ ಹಿಡಿಯುವವರು ಯಾರು? ಎಷ್ಟೋ ಮನೆಗಳಲ್ಲಿ ಅದು ಕಾಲೇಜಿಗೆ ಹೋಗುವ ಹುಡುಗ. "ಓದುವುದು ಬಿಟ್ಟು ಮೈಗೆಲ್ಲ ಗ್ರೀಸ್ ಬಳಿದುಕೊಂಡೆಯಾ" ಎಂದು ನಾವು ಗದರಿಸುತ್ತೇವೆ. ಆ ಗ್ರೀಸಿನಲ್ಲೇ ಒಂದು ಓದಿದೆ ಎಂಬುದು ನಮಗೆ ಹೊಳೆಯುವುದಿಲ್ಲ.

ಆ ಓದೇ ಕೃಷಿ ಎಂಜಿನಿಯರಿಂಗ್. ಇದು ಹೊಸದೇನಲ್ಲ. ಅಲಹಾಬಾದಿನ ಕೃಷಿ ಸಂಸ್ಥೆಯಲ್ಲಿ 1942ರಲ್ಲಿ, ಖರಗಪುರದ ಐ.ಐ.ಟಿ.ಯಲ್ಲಿ 1952ರಲ್ಲಿ ಈ ಶಿಕ್ಷಣ ಆರಂಭವಾಯಿತು. ನಮ್ಮಲ್ಲಿ ಬೆಂಗಳೂರು ಮತ್ತು ರಾಯಚೂರು ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ನಾಲ್ಕು ವರ್ಷದ ಬಿ.ಟೆಕ್. ಪದವಿ ಇದೆ. ಕೃಷಿ ಯಂತ್ರಗಳು, ಮಣ್ಣು ಮತ್ತು ನೀರಿನ ಸಂರಕ್ಷಣೆ, ನೀರಾವರಿ, ಕೊಯ್ಲಿನ ನಂತರದ ಸಂಸ್ಕರಣೆ, ಸೌರಶಕ್ತಿ ಮುಂತಾದ ವಿಷಯಗಳನ್ನು ಕಲಿಸುತ್ತಾರೆ.

ಇದರಿಂದ ರೈತನಿಗೇನು ಲಾಭ? ಒಂದು ಲೆಕ್ಕ ನೋಡಿ. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಲು ಸುಮಾರು 1,03,000 ಲೀಟರ್ ಬೇಕು. 300 ಅಡಿಯಿಂದ ನೀರೆತ್ತುವ 5 ಅಶ್ವಶಕ್ತಿಯ ಪಂಪು, ಅರ್ಧ ಶಕ್ತಿ ನಷ್ಟವಾಗುತ್ತದೆಂದು ಹಿಡಿದರೆ, ಗಂಟೆಗೆ ಸುಮಾರು 7,500 ಲೀಟರ್ ಕೊಡುತ್ತದೆ. ಅಂದರೆ ಸುಮಾರು 14 ತಾಸು ಓಡಬೇಕು. ದಿನಕ್ಕೆ ಏಳು ತಾಸು ಕರೆಂಟು ಬಂದರೆ ಒಂದೆಕರೆಗೇ ಎರಡು ದಿನ. ಈ ಲೆಕ್ಕ ತಿಳಿಯದೆ ನಾವು ಅಂಗಡಿಯವನು ಹೇಳಿದ ಪಂಪು, ಅವನೇ ಹೇಳಿದ ಪೈಪು ತರುತ್ತೇವೆ. ಹನಿ ನೀರಾವರಿಯ ಕೊನೆಯ ಸಾಲಿಗೆ ನೀರೇ ಮುಟ್ಟುವುದಿಲ್ಲ. ಲೆಕ್ಕ ಬಲ್ಲವನೊಬ್ಬ ಊರಲ್ಲಿದ್ದರೆ ಹತ್ತು ಮನೆಯ ಹಣ ಉಳಿಯುತ್ತದೆ.

ಉದ್ಯೋಗದ ಮಾತಿಗೆ ಬರೋಣ. ಟ್ರ್ಯಾಕ್ಟರ್ ಕಾರ್ಖಾನೆ, ಹನಿ ನೀರಾವರಿ ಕಂಪನಿ, ಅಕ್ಕಿ ಗಿರಣಿ, ಆಹಾರ ಸಂಸ್ಕರಣಾ ಘಟಕ, ಜಲಾನಯನ ಯೋಜನೆ ಇಲ್ಲೆಲ್ಲ ಇವರಿಗೆ ಕೆಲಸವುಂಟು. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೂ ಅರ್ಜಿ ಹಾಕಬಹುದು. ಮುಂದೆ ಎಂ.ಟೆಕ್. ಮಾಡಿದವರಿಗೆ ಸಂಶೋಧನೆಯ ದಾರಿಯಿದೆ. ಬಾಡಿಗೆ ಯಂತ್ರಗಳ ಕೇಂದ್ರವನ್ನು ಸ್ವಂತವಾಗಿ ನಡೆಸಲೂಬಹುದು.

ಆದರೆ ಸರ್ಕಾರಿ ನೌಕರಿಯೊಂದನ್ನೇ ನೆಚ್ಚಿ ಕಳಿಸಬೇಡಿ. ತಮಿಳುನಾಡಿನಲ್ಲಿ ಕೃಷಿ ಎಂಜಿನಿಯರಿಂಗ್‌ಗೆಂದೇ ಪ್ರತ್ಯೇಕ ಇಲಾಖೆಯಿದೆ, ಮಧ್ಯಪ್ರದೇಶದಲ್ಲಿ ನಿರ್ದೇಶನಾಲಯವಿದೆ. ನಮ್ಮ ರಾಜ್ಯದಲ್ಲೂ ಅಂಥದೊಂದು ಬೇಕು. ಸಬ್ಸಿಡಿ ಕೊಟ್ಟು ಯಂತ್ರ ಹಂಚಿದರೆ ಸಾಲದು, ಅದು ನಮ್ಮ ಮಣ್ಣಿಗೆ ಹೊಂದುವುದೇ ಎಂದು ನೋಡಿ ಹೇಳುವವರು ಹೋಬಳಿ ಮಟ್ಟದಲ್ಲಿರಬೇಕು. ಇದು ನನ್ನ ದೃಢ ಅಭಿಪ್ರಾಯ.

ಸೇರಬಯಸುವವರು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು, ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ರೈತರ ಮಕ್ಕಳಿಗೆ ಮೀಸಲು ಸೀಟುಗಳಿವೆ. ಅದಕ್ಕೆ ಬೇಕಾದ ದಾಖಲೆಗಳನ್ನು ಮೊದಲೇ ಸಿದ್ಧಮಾಡಿಕೊಳ್ಳಿ. ಪದವಿ ಓದಲಾಗದವರಿಗೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯ ಕೇಂದ್ರ ಸಂಸ್ಥೆಯಲ್ಲಿ ಯಂತ್ರ ಚಾಲನೆ, ದುರಸ್ತಿಯ ಅಲ್ಪಾವಧಿ ತರಬೇತಿಗಳುಂಟು.

ಹೆಣ್ಣುಮಕ್ಕಳನ್ನೂ ಮರೆಯಬೇಡಿ. ಕಳೆ ಕೀಳುವ ಸೊಂಟನೋವು ಬಲ್ಲವಳಿಗಿಂತ ಚೆನ್ನಾಗಿ ಕಳೆಯಂತ್ರ ರೂಪಿಸಬಲ್ಲವರು ಯಾರು? ಮುಂದಿನ ಸಲ ಮಕ್ಕಳ ಕೈಯಲ್ಲಿ ಸ್ಪ್ಯಾನರ್ ಕಂಡರೆ, ಪಕ್ಕದಲ್ಲಿ ಕುಳಿತು ಏನು ಕೆಟ್ಟಿದೆಯೆಂದು ಕೇಳಿ.