ಪೀಣ್ಯದ ಬಾವಿಗಳು

ಒಂದು ನಗರದ ಐಶ್ವರ್ಯವನ್ನು ಅದರ ಸೌಧಗಳಿಂದ ಅಳೆಯುವುದು ಲೋಕರೂಢಿ. ಬಾವಿಗಳಿಂದ ಅಳೆಯುವ ವಾಡಿಕೆ ಇದ್ದಿದ್ದರೆ ಬೆಂಗಳೂರಿಗೆ ಯಾವ ಸ್ಥಾನ ದೊರೆಯುತ್ತಿತ್ತೆಂಬುದನ್ನು ವಾಚಕರ ವಿವೇಚನೆಗೇ ಬಿಡುತ್ತೇವೆ. ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ - ಈ ಮೂರು ಪ್ರದೇಶಗಳೂ ನಾಡಿಗೆ ಕೀರ್ತಿಯನ್ನೂ ಸಹಸ್ರಾರು ಕುಟುಂಬಗಳಿಗೆ ಅನ್ನವನ್ನೂ ತಂದಿವೆ. ಕೈಗಾರಿಕೆಯಿಲ್ಲದೆ ದೇಶಕ್ಕೆ ಉದ್ಧಾರವಿಲ್ಲವೆಂಬ ಮತವನ್ನು ನಾವು ಎಂದೂ ಬಿಟ್ಟವರಲ್ಲ. ಆದುದರಿಂದಲೇ ಈ ದಿನ ಕೈಗಾರಿಕೆಯ ಹಿತೈಷಿಗಳಾಗಿ ಒಂದು ಅಪ್ರಿಯವಾದ ಮಾತನ್ನು ಆಡಬೇಕಾಗಿದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳನ್ನು ಪರೀಕ್ಷಿಸಿ ಅಂಕಗಳನ್ನು ಕೊಟ್ಟಾಗ ಪೀಣ್ಯಕ್ಕೆ 65.11 ಅಂಕಗಳು ಬಂದುವು. ಈ ಪರೀಕ್ಷೆಯಲ್ಲಿ ಅಂಕ ಹೆಚ್ಚಿದಷ್ಟೂ ಅಪಕೀರ್ತಿ ಹೆಚ್ಚು. 60ನ್ನು ದಾಟಿದುದು ತೀವ್ರ ಮಲಿನ ಪ್ರದೇಶ. 70ನ್ನು ದಾಟಿದುದು ಅತ್ಯಂತ ವಿಷಮ ಸ್ಥಿತಿಯ ಪ್ರದೇಶ. 2018ರ ಮರುಪರೀಕ್ಷೆಯಲ್ಲಿ ಪೀಣ್ಯವು ಈ ಎರಡನೆಯ ಪಂಕ್ತಿಗೆ ಸೇರಿತು. ರೋಗಿಯ ಜ್ವರವನ್ನು ಒಮ್ಮೆ ಅಳೆದು, ಒಂಬತ್ತು ವರ್ಷ ಕಳೆದ ಮೇಲೆ ಮತ್ತೊಮ್ಮೆ ಅಳೆದು, ಏರಿತೆಂದು ಬರೆದಿಟ್ಟರೆ ಅದನ್ನು ಚಿಕಿತ್ಸೆಯೆನ್ನಬಹುದೆ? ಪೀಣ್ಯದ ಅಂತರ್ಜಲದಲ್ಲಿ ಷಡ್ವೇಲೆನ್ಸಿಯ ಕ್ರೋಮಿಯಂ ಎಂಬ ವಿಷವು ಬೆರೆತಿರುವುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಲೋಹಕ್ಕೆ ಹೊಳಪಿನ ಲೇಪವನ್ನು ಕೊಡುವ ಕಾರ್ಖಾನೆಗಳಿಂದ ಬಂದ ಕೊಡುಗೆಯಿದು.

ನಮ್ಮ ಆತಂಕವು ಕ್ರೋಮಿಯಂ ಒಂದಕ್ಕೇ ನಿಲ್ಲುವುದಿಲ್ಲ. ಲೋಹಕ್ಕೆ ಲೇಪ ಹಿಡಿಯಬೇಕಾದರೆ ಮೊದಲು ಅದರ ಮೇಲಿನ ಎಣ್ಣೆ ಜಿಡ್ಡು ಹೋಗಬೇಕು. ಜಿಡ್ಡನ್ನು ಕರಗಿಸಲು ಕ್ಲೋರಿನ್ ಬೆರೆತ ದ್ರಾವಕಗಳನ್ನು ಉಪಯೋಗಿಸುವುದು ಬಹುಕಾಲದ ಪದ್ಧತಿ. ಇಂಥವುಗಳಲ್ಲೊಂದಾದ ಕಾರ್ಬನ್ ಟೆಟ್ರಾಕ್ಲೋರೈಡ್, ಆಕಾಶದ ಓಜೋನ್ ಕವಚಕ್ಕೆ ಹಾನಿಕರವಾದುದರಿಂದ, ಮಾಂಟ್ರಿಯಲ್ ಒಪ್ಪಂದದ ಪ್ರಕಾರ ನಮ್ಮ ದೇಶದಲ್ಲಿ 2010ರ ಆರಂಭಕ್ಕೆ ನಿಂತಿತು. ಅದರ ಸ್ಥಾನಕ್ಕೆ ಬಂದ ದ್ರವಗಳಲ್ಲಿ ಟ್ರೈಕ್ಲೋರೋಎಥಿಲೀನ್ ಒಂದು. ಆಕಾಶಕ್ಕೆ ಉಪಕಾರವಾಯಿತು, ನಿಜ. ಪಾತಾಳದ ಯೋಚನೆಯನ್ನು ಯಾರು ಮಾಡಿದರು? ಕ್ರೋಮಿಯಂ ಯಾವ ಚರಂಡಿಯಿಂದ, ಯಾವ ಬಿರುಕು ಬಿಟ್ಟ ತೊಟ್ಟಿಯಿಂದ ನೆಲಕ್ಕಿಳಿಯಿತೋ, ಅದೇ ಅಂಗಳದಲ್ಲಿ ಅದೇ ಕೈಗಳು ಬಳಸಿದ ದ್ರಾವಕವು ಅದೇ ದಾರಿಯನ್ನು ಹಿಡಿದಿರಲಾರದೆಂದು ನಂಬಲು ಯಾವ ಆಧಾರವೂ ಇಲ್ಲ.

ಈ ದ್ರವದ ಸ್ವಭಾವವನ್ನು ವಾಚಕರು ಅರಿತಿರಬೇಕು. ಎಣ್ಣೆಯು ನೀರಿನ ಮೇಲೆ ತೇಲುತ್ತದೆ. ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಸುಮಾರು ಒಂದೂವರೆ ಪಾಲು ಭಾರವಾದುದರಿಂದ ನೀರನ್ನು ಸೀಳಿಕೊಂಡು ತಳಕ್ಕಿಳಿಯುತ್ತದೆ. ನೀರಿನಲ್ಲಿ ಅದು ಕರಗುವುದು ಸ್ವಲ್ಪ. ಆ ಸ್ವಲ್ಪವೇ ಸಾಕು. ಅಮೇರಿಕದ ಕಾನೂನಿನಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 5 ಮೈಕ್ರೋಗ್ರಾಂ ಮೀರಕೂಡದು. ಈ ಲೆಕ್ಕದಿಂದ ಒಂದೇ ಒಂದು ಲೀಟರು ದ್ರಾವಕವು ಸುಮಾರು 29 ಕೋಟಿ ಲೀಟರು ನೀರನ್ನು ಆ ಮಿತಿಯವರೆಗೆ ಕೆಡಿಸಬಲ್ಲುದು. ಇದು ಮನುಷ್ಯನಿಗೆ ಕ್ಯಾನ್ಸರನ್ನು ಉಂಟುಮಾಡುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ನಿರ್ಣಯಿಸಿತು.

ಇನ್ನು ನಮ್ಮ ನೆಲದ ರಚನೆ. ಬೆಂಗಳೂರು ನಿಂತಿರುವುದು ನೈಸ್ ಮತ್ತು ಗ್ರಾನೈಟ್ ಬಂಡೆಗಳ ಮೇಲೆ. ಮೇಲೆ ಕೆಲವು ಗಜಗಳಷ್ಟು ಶಿಥಿಲವಾದ ಮಣ್ಣು. ಅದರ ಕೆಳಗೆ ಗಟ್ಟಿ ಬಂಡೆ. ಬಂಡೆಯೊಳಗೆ ನೀರು ಹರಿಯುವುದು ಸೀಳುಗಳಲ್ಲಿ ಮಾತ್ರ. ಮರಳುನೆಲದಲ್ಲಿ ಮಾಲಿನ್ಯವು ಯಾವ ದಿಕ್ಕಿಗೆ ಹಬ್ಬುವುದೆಂದು ಮಟ್ಟಿಗಾದರೂ ಊಹಿಸಬಹುದು. ಸೀಳುಬಂಡೆಯಲ್ಲಿ ಒಂದು ಕೊಳವೆಬಾವಿ ಶುದ್ಧವಾಗಿದ್ದು ನೆರೆಮನೆಯ ಬಾವಿ ವಿಷವಾಗಿರುವುದು ಅಸಾಧ್ಯವಲ್ಲ. ಸೀಳುಗಳ ಕೊನೆಗಳಲ್ಲಿಯೂ ಮೇಲಿನ ಮಣ್ಣಿನಲ್ಲಿಯೂ ತಂಗಿದ ದ್ರಾವಕವು ದಶಕಗಳ ಕಾಲ ಸ್ವಲ್ಪಸ್ವಲ್ಪವಾಗಿ ಕರಗಿ ಬರುತ್ತಲೇ ಇರುತ್ತದೆ. ಸಾವಿರ ಅಡಿಯನ್ನು ದಾಟಿ ನಾವು ಕೊರೆದ ಬಾವಿಗಳೇ ಮೇಲಿನ ಸೀಳನ್ನು ಕೆಳಗಿನ ಸೀಳಿಗೆ ಜೋಡಿಸಿ, ವಿಷಕ್ಕೆ ಮೆಟ್ಟಿಲು ಕಟ್ಟಿಕೊಡುತ್ತವೆ. ನಮ್ಮ ಬಾಯಾರಿಕೆಯೇ ಅದನ್ನು ಕೆಳಕ್ಕೆ ಸೆಳೆಯುತ್ತದೆ.

ಹೀಗಿರುವಲ್ಲಿ ಅಧಿಕಾರಿಗಳ ಎಚ್ಚರಿಕೆ ಹೇಗಿದೆ? ನಮ್ಮ ದೇಶದ ಕುಡಿಯುವ ನೀರಿನ ಪ್ರಮಾಣಪಟ್ಟಿಯಲ್ಲಿ, ಅಂದರೆ 2012ರ ಐ.ಎಸ್. 10500ರಲ್ಲಿ, ಕ್ರೋಮಿಯಂ ಇದೆ, ಸೀಸವಿದೆ, ಕೀಟನಾಶಕಗಳಿವೆ, ಟ್ರೈಕ್ಲೋರೋಎಥಿಲೀನಿನ ಹೆಸರಿಲ್ಲ. ಹೆಸರಿಲ್ಲದುದನ್ನು ಪ್ರಯೋಗಶಾಲೆಯವರು ಹುಡುಕುವುದಿಲ್ಲ, ಹುಡುಕದುದು ಸಿಕ್ಕುವುದಿಲ್ಲ, ಸಿಕ್ಕದುದು ಇಲ್ಲವೆಂದೇ ಕಡತದಲ್ಲಿ ಸೇರುತ್ತದೆ. ಬಣ್ಣವಿಲ್ಲದ ಈ ವಿಷದಿಂದ ಕೂಡಿದ ನೀರಿಗೂ ಶುದ್ಧವೆಂಬ ಮುದ್ರೆ ಬೀಳಬಹುದು. ಬೆಳ್ಳಂದೂರಿನ ಕೆರೆಗೆ 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಹತ್ತಿದಾಗ ಲೋಕವೆಲ್ಲ ನೋಡಿತು. ನೆಲದೊಳಗಿನ ನೀರು ಉರಿಯುವುದಿಲ್ಲ, ನೊರೆಯುಕ್ಕಿಸುವುದಿಲ್ಲ. ಆದಕಾರಣ ಅದಕ್ಕೆ ವಾದಿಸುವವರೂ ಇಲ್ಲ.

ಬೆಂಗಳೂರನ್ನು ಭಾರತದ ಸಿಲಿಕಾನ್ ಕಣಿವೆಯೆಂದು ಹೊಗಳುವವರು ಮೂಲ ಕಣಿವೆಯ ಕಥೆಯನ್ನು ಪೂರ್ತಿಯಾಗಿ ಓದಬೇಕು. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಹೊಗೆಕೊಳವೆಯೇ ಇಲ್ಲದ ನಿರ್ಮಲವಾದ ಉದ್ಯೋಗವೆಂದು ಜನರು ನಂಬಿದ್ದ ಒಂದು ಎಲೆಕ್ಟ್ರಾನಿಕ್ ಕಾರ್ಖಾನೆಯ ನೆಲದಡಿಯ ತೊಟ್ಟಿಯಿಂದ ದ್ರಾವಕವು ಸೋರಿ ಕುಡಿಯುವ ನೀರಿನ ಬಾವಿಗೆ ಸೇರಿದುದು 1981ರಲ್ಲಿ ಬಯಲಾಯಿತು. ಆ ಸ್ಯಾಂಟಾ ಕ್ಲಾರಾ ಜಿಲ್ಲೆಯೊಂದರಲ್ಲಿಯೇ ಅಮೇರಿಕದ ಸರಕಾರವು ಶುದ್ಧೀಕರಣಕ್ಕಾಗಿ ಗುರುತಿಸಿದ ಮಹಾಮಲಿನ ಸ್ಥಳಗಳು 23. ನಾಲ್ಕು ದಶಕಗಳು ಕಳೆದರೂ ಅಲ್ಲಿ ಕೆಲಸವು ಮುಗಿದಿಲ್ಲ. ನ್ಯೂಜೆರ್ಸಿಯ ವೆಸ್ಟ್ ಟ್ರೆಂಟನ್ನಿನ ನೌಕಾಪಡೆಯ ಹಳೆಯ ಪ್ರಯೋಗಕ್ಷೇತ್ರದಲ್ಲಿ, ಸೀಳುಬಂಡೆಗೆ ಇಳಿದ ಇದೇ ದ್ರಾವಕವನ್ನು ಅಲ್ಲಿನ ಭೂವಿಜ್ಞಾನಿಗಳು ದಶಕಗಳಿಂದ ಬೆನ್ನಟ್ಟಿ ಅಭ್ಯಸಿಸುತ್ತ ಬಂದಿದ್ದಾರೆ. ಐಶ್ವರ್ಯವಂತ ದೇಶಕ್ಕೇ ಈ ಗತಿಯಾದರೆ, ತಡಮಾಡಿದಷ್ಟೂ ನಮಗೆ ಬರುವ ಋಣವೆಷ್ಟೆಂಬುದನ್ನು ಎಣಿಸಬಹುದು.

ಉಪಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ಮೊದಲು ಸೋರುವ ಮೂಲವನ್ನು ನಿಲ್ಲಿಸಬೇಕು. ಎರಡನೆಯದಾಗಿ, ಬಾವಿಗಳೊಳಗೆ ಉಪಕರಣಗಳನ್ನಿಳಿಸಿ ಯಾವ ಆಳದ ಯಾವ ಸೀಳಿನಲ್ಲಿ ಏನಿದೆಯೆಂದು ನಕ್ಷೆ ಮಾಡಬೇಕು. ಕೆಲಸಕ್ಕೆ ಬಾರದ ಕೊಳವೆಬಾವಿಗಳನ್ನು ತಳದಿಂದ ಬಿಗಿಯಾಗಿ ಮುಚ್ಚಬೇಕು. ಮೂರನೆಯದಾಗಿ, ಮಲಿನವಾದ ನೀರನ್ನು ಮೇಲೆತ್ತಿ ಗಾಳಿಯಿಂದಲೂ ಸಕ್ರಿಯ ಇದ್ದಿಲಿನಿಂದಲೂ ಶೋಧಿಸಿದರೆ, ವಿಷವು ಪೂರ್ತಿ ಹೋಗದಿದ್ದರೂ ಹಬ್ಬುವುದು ನಿಲ್ಲುತ್ತದೆ. ಕಬ್ಬಿಣದ ಪುಡಿಯನ್ನು ನೆಲಕ್ಕೆ ಸೇರಿಸುವ ವಿಧಾನವು ದ್ರಾವಕವನ್ನು ಒಡೆಯಬಲ್ಲುದಲ್ಲದೆ, ಕ್ರೋಮಿಯಮ್ಮನ್ನೂ ಅಪಾಯ ಕಡಮೆಯಾದ ರೂಪಕ್ಕೆ ತರಬಲ್ಲುದು. ಪೀಣ್ಯಕ್ಕೆ ಇದು ವಿಶೇಷವಾಗಿ ವಿಚಾರಾರ್ಹ. ದ್ರಾವಕವನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳೂ ಇವೆ. ಆದರೆ ತಕ್ಕ ಜಾತಿಯ ಜೀವಿ ಇಲ್ಲದಿದ್ದರೆ ಕ್ರಿಯೆಯು ಅರ್ಧದಲ್ಲಿ ನಿಂತು, ಮೂಲಕ್ಕಿಂತಲೂ ಕ್ರೂರವಾದ ವಿನೈಲ್ ಕ್ಲೋರೈಡ್ ಉಳಿಯುತ್ತದೆ. ಆದುದರಿಂದ ಇದು ಗುತ್ತಿಗೆದಾರನ ಕೈಗೊಪ್ಪಿಸಿ ಮರೆಯುವ ಕೆಲಸವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಿರುವ ಊರಿನಲ್ಲಿ ಪರಿಣತರಿಗಾಗಿ ಪರದೇಶಕ್ಕೆ ಕೈಚಾಚಬೇಕಾಗಿಲ್ಲ.

ಖರ್ಚು ಯಾರದು? ಮಲಿನ ಮಾಡಿದವನೇ ತೆರಬೇಕೆಂಬುದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜಸ್ಥಾನದ ಬಿಚ್ಛ್ರಿ ಗ್ರಾಮದ ಬಾವಿಗಳ ವಿಷಯದಲ್ಲಿ ಎತ್ತಿಹಿಡಿದ ನ್ಯಾಯ. ಆದರೆ ಹಣ ತೆರುವ ವಿವಾದವು 2011ರವರೆಗೂ ನ್ಯಾಯಾಲಯದಲ್ಲಿಯೇ ಉಳಿಯಿತು. 2025ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರವು ಮಲಿನ ಸ್ಥಳಗಳ ನಿರ್ವಹಣೆಗಾಗಿ ಹೊಸ ನಿಯಮಗಳನ್ನು ಪ್ರಕಟಿಸಿದೆ. ಶಂಕಿತ ಸ್ಥಳಗಳ ವರದಿಯನ್ನು ಜಿಲ್ಲಾಡಳಿತವು ಆರು ತಿಂಗಳಿಗೊಮ್ಮೆ ಕಳುಹಿಸಬೇಕು. 90 ದಿನಗಳೊಳಗೆ ಪ್ರಥಮ ಪರೀಕ್ಷೆ ನಡೆಯಬೇಕು. ದೋಷಿಯಿಂದ ವೆಚ್ಚ ವಸೂಲಾಗಬೇಕು. ದೋಷಿ ಸಿಕ್ಕದಿದ್ದರೆ ಸರಕಾರಗಳು ಹೊರಬೇಕು. ನಿಯಮವು ಸ್ವಾಗತಾರ್ಹ. ಶುದ್ಧಿಯ ಕಾರ್ಯವು ಯಾವ ದಿನಕ್ಕೆ ಮುಗಿಯಬೇಕೆಂಬ ಗಡುವು ಮಾತ್ರ ಅದರಲ್ಲಿಲ್ಲ. ಗಡುವಿಲ್ಲದ ಕರ್ತವ್ಯವು ನಮ್ಮ ಕಚೇರಿಗಳಲ್ಲಿ ಯಾವ ಗತಿಯನ್ನು ಹೊಂದುವುದೆಂದು ವಾಚಕರಿಗೆ ಹೇಳಬೇಕಾಗಿಲ್ಲ.

ಸಣ್ಣ ಕಾರ್ಖಾನೆಯ ಮಾಲೀಕರ ಕಷ್ಟವನ್ನು ನಾವು ಬಲ್ಲೆವು. ಹತ್ತು ಜನ ಕೆಲಸಗಾರರನ್ನಿಟ್ಟುಕೊಂಡು ಲೇಪದ ತೊಟ್ಟಿಗಳನ್ನು ನಡೆಸುವವನ ಮೇಲೆ ನಾಲ್ಕು ದಶಕಗಳ ಪಾಪವನ್ನು ಹೊರಿಸಿದರೆ ಅವನು ಬಾಗಿಲು ಮುಚ್ಚುವನೇ ಹೊರತು ನೀರು ಶುದ್ಧವಾಗದು. ಹಳೆಯ ಮಾಲಿನ್ಯಕ್ಕೆ ಸರಕಾರ, ದೊಡ್ಡ ಕೈಗಾರಿಕೆಗಳು, ವಸಾಹತನ್ನು ಸ್ಥಾಪಿಸಿ ನಿವೇಶನ ಹಂಚಿದ ಸಂಸ್ಥೆಗಳು ಕೂಡಿ ನಿಧಿಯನ್ನು ಏರ್ಪಡಿಸಲಿ. ಹೊಸ ಮಾಲಿನ್ಯಕ್ಕೆ ಮಾತ್ರ ಯಾರಿಗೂ ಕ್ಷಮೆ ಬೇಡ. ಸಂಘಟಿತರಾದ ಉದ್ಯಮಿಗಳು ತಾವೇ ಮುಂದಾಗಿ ದ್ರಾವಕದ ಕೊಳ್ಳುವಿಕೆ, ಬಳಕೆ, ವಿಲೇವಾರಿಗಳ ಲೆಕ್ಕವನ್ನು ಇಟ್ಟರೆ ಅವರ ಮಾನವೂ ಉಳಿಯುತ್ತದೆ.

ಕಾವೇರಿಯ ಐದನೆಯ ಹಂತವು 2024ರ ಅಕ್ಟೋಬರಿನಲ್ಲಿ ಆರಂಭವಾದ ಮೇಲೆ ಅಂತರ್ಜಲದ ಚಿಂತೆ ಏಕೆನ್ನುವವರುಂಟು. ಅದೇ ವರ್ಷದ ಬೇಸಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ವೈಟ್‌ಫೀಲ್ಡಿನ ಸೌಧವಾಸಿಗಳೂ ಟ್ಯಾಂಕರಿನ ದಾರಿ ಕಾದುದನ್ನು ಇಷ್ಟು ಬೇಗ ಮರೆಯಬಹುದೆ? ಟ್ಯಾಂಕರಿನ ನೀರು ಬರುವುದೂ ನೆಲದಿಂದಲೇ. ಪೀಣ್ಯದ ಕಡೆಯಿಂದ ವೃಷಭಾವತಿಗೆ ಇಳಿಯುವ ನೀರು ಅರ್ಕಾವತಿಯನ್ನೂ, ಅರ್ಕಾವತಿಯು ಕಾವೇರಿಯನ್ನೂ ಸೇರುತ್ತದೆ. ನಮ್ಮ ಕಸವು ಕೆಳಗಿನವರ ತೀರ್ಥವಾಗುವುದು ಸಭ್ಯ ನಾಡಿಗೆ ಒಪ್ಪುವ ಮಾತಲ್ಲ.

ನಮ್ಮ ಬೇಡಿಕೆ ಮೂರೇ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಬಾವಿಗಳಲ್ಲಿ ಕ್ಲೋರಿನ್ ದ್ರಾವಕಗಳ ಪರೀಕ್ಷೆಯನ್ನು ರಾಜ್ಯದ ಮಂಡಳಿಯು ಕೂಡಲೆ ಆರಂಭಿಸಿ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. ಕುಡಿಯುವ ನೀರಿನ ಪ್ರಮಾಣಪಟ್ಟಿಯಲ್ಲಿ ಅವುಗಳಿಗೆ ಮಿತಿಯನ್ನು ಗೊತ್ತುಮಾಡುವಂತೆ ರಾಜ್ಯ ಸರಕಾರವು ಕೇಂದ್ರವನ್ನು ಒತ್ತಾಯಪಡಿಸಲಿ. ವಿಷ ಕಂಡ ಬಾವಿಗಳ ಸುತ್ತಲಿನ ಜನರಿಗೆ, ವಿವಾದ ತೀರುವವರೆಗೆ ಕಾಯದೆ, ಶುದ್ಧವಾದ ನೀರು ದೊರೆಯಲಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ನಮ್ಮ ಹಿರಿಯರು ನಕ್ಕರು. ಬಾವಿಗೇ ಆಪತ್ತು ಬಂದಿರುವಾಗ ಕಡತ ತೋಡುತ್ತ ಕುಳಿತವರನ್ನು ನಮ್ಮ ಮಕ್ಕಳು ನಗಲಾರರು. ಅವರು ಲೆಕ್ಕ ಕೇಳುವರು.